ಎಂಆರ್‌ಐನಲ್ಲಿ ಕಾಣದ ಪಿಟ್ಯುಟರಿ ಗಡ್ಡೆ: ಆಪರೇಷನ್‌ಗೆ ಮುಂಚೆ ಹುಡುಕುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನನ್ನ ತಂಗಿಗೆ 34 ವರ್ಷ. ಎರಡು ವರ್ಷದಿಂದ ಮುಖ ಊದಿಕೊಂಡು ದುಂಡಗಾಗಿದೆ. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಬಂದಿವೆ. ಬಿಪಿ, ಶುಗರ್ ಎರಡೂ ಶುರುವಾಗಿವೆ. ಪರೀಕ್ಷೆಗಳಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ಜಾಸ್ತಿ ಇದೆ, ಅದನ್ನು ಮಾಡಿಸುವ ಪಿಟ್ಯುಟರಿಯ ಹಾರ್ಮೋನ್ ಎಸಿಟಿಎಚ್ ಕೂಡ ಜಾಸ್ತಿ ಇದೆ. ಕುಶಿಂಗ್ ಕಾಯಿಲೆ, ಪಿಟ್ಯುಟರಿಯಲ್ಲಿ ಗಡ್ಡೆ ಇರಬೇಕು ಎಂದರು. ಆದರೆ ಎಂಆರ್‌ಐ ರಿಪೋರ್ಟ್ 'ನಾರ್ಮಲ್' ಎಂದು ಬಂತು. ಅದೇ ಫಿಲ್ಮ್ ನೋಡಿದ ಇನ್ನೊಬ್ಬ ಡಾಕ್ಟರ್, ಎಡಗಡೆ 3 ಮಿ.ಮೀ.ನಷ್ಟು ಏನೋ ಇದ್ದ ಹಾಗಿದೆ ಎಂದರು. ಈಗ 7 ಟೆಸ್ಲಾ ಸ್ಕ್ಯಾನ್, ಪೆಟ್ ಸ್ಕ್ಯಾನ್, ತೊಡೆಸಂದಿನಿಂದ ತಲೆಯವರೆಗೆ ನಳಿಕೆ ಹಾಕುವ ಪರೀಕ್ಷೆ ಅಂತೆಲ್ಲ ಕೇಳುತ್ತಿದ್ದೇವೆ. ಯಾವುದು ಮಾಡಿಸಬೇಕು? ಗಡ್ಡೆ ಕಾಣದೆ ಆಪರೇಷನ್ ಮಾಡುವುದಾದರೂ ಹೇಗೆ? ಇನ್ನು ಕೆಲವು ತಿಂಗಳು ಕಾದರೆ ಅದೇ ದೊಡ್ಡದಾಗಿ ಕಾಣಿಸುತ್ತಲ್ವಾ?

ಉತ್ತರ: ನಿಮ್ಮನ್ನು ಗಾಬರಿ ಮಾಡಿರುವ ಎರಡು ಮಾತುಗಳಿಂದಲೇ ಶುರು ಮಾಡೋಣ. ರಿಪೋರ್ಟ್ ನಾರ್ಮಲ್ ಎಂದಿದೆ. ಹಾಗಂತ ಗಡ್ಡೆ ಇಲ್ಲ ಅಂತಲ್ಲ. ಇನ್ನೊಬ್ಬರು 3 ಮಿ.ಮೀ. ಏನೋ ಇದೆ ಎಂದಿದ್ದಾರೆ. ಹಾಗಂತ ಅದೇ ಗಡ್ಡೆ ಅಂತಲೂ ಅಲ್ಲ. ಇಬ್ಬರಲ್ಲಿ ಒಬ್ಬರು ತಪ್ಪು ನೋಡಿದ್ದಾರೆ ಎಂದು ಈಗಲೇ ತೀರ್ಮಾನಿಸಬೇಡಿ. ಈ ಕಾಯಿಲೆಯಲ್ಲಿ ಇಂಥ ಗೊಂದಲ ತೀರಾ ಮಾಮೂಲು.

ಯಾಕೆ ಎಂದರೆ ಜಾಗವೇ ಅಂಥದ್ದು. ಪಿಟ್ಯುಟರಿ ಗ್ರಂಥಿಯ ತೂಕ ಸುಮಾರು ಅರ್ಧ ಗ್ರಾಂ. ಎತ್ತರ 8 ಮಿ.ಮೀ. ಆಸುಪಾಸು. ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿರುವ ಒಂದು ಮೂಳೆಯ ಗುಳಿಯಲ್ಲಿ ಅದು ಕೂತಿರುತ್ತದೆ. ಎರಡೂ ಪಕ್ಕದಲ್ಲಿ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳಗಳು, ಮೇಲೆ ಕಣ್ಣಿನ ನರ, ಕೆಳಗೆ ಗಾಳಿ ತುಂಬಿದ ಸೈನಸ್. 10 ಮಿ.ಮೀ.ಗಿಂತ ಚಿಕ್ಕ ಗಡ್ಡೆಯನ್ನು ಮೈಕ್ರೋಅಡಿನೋಮಾ ಎನ್ನುತ್ತಾರೆ. ಕುಶಿಂಗ್ ಕಾಯಿಲೆಯ ಗಡ್ಡೆಗಳಲ್ಲಿ ಬಹುಪಾಲು ಈ ಗುಂಪಿನವು. ಅದರಲ್ಲೂ 5–6 ಮಿ.ಮೀ. ದಾಟದವೇ ಜಾಸ್ತಿ. 2–3 ಮಿ.ಮೀ.ನವೂ ಇರುತ್ತವೆ. ಅಷ್ಟು ಚಿಕ್ಕದು ಇಡೀ ದೇಹವನ್ನು ಬುಡಮೇಲು ಮಾಡುತ್ತದೆ. ಬೇರೆ ಪಿಟ್ಯುಟರಿ ಗಡ್ಡೆಗಳು ಎಷ್ಟೋ ಸಲ ಬೆಳೆದು ಕಣ್ಣಿನ ನರ ಒತ್ತಿದ ಮೇಲೆ ಪತ್ತೆಯಾಗುತ್ತವೆ. ಇದು ಹಾಗಲ್ಲ. ಗಾತ್ರ ಬೆಳೆಯುವ ಮೊದಲೇ ಅದರ ಹಾರ್ಮೋನ್ ಸುಳಿವು ಕೊಡುತ್ತದೆ. ಹಾಗಾಗಿ ನಾವು ಹುಡುಕಲು ಹೊರಟಾಗ ಅದು ಇನ್ನೂ ಸಣ್ಣದೇ ಆಗಿರುತ್ತದೆ. ಮಾಮೂಲಿ ವಿಧಾನದ ಎಂಆರ್‌ಐ ಇಂಥವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಏನೂ ತೋರಿಸುವುದಿಲ್ಲ. ಹಳೆಯ ವಿಧಾನದಲ್ಲಿ ಮಾಡಿದರೆ ಅರ್ಧಕ್ಕರ್ಧ ಜನರಲ್ಲಿ ತಪ್ಪಿಹೋಗಬಹುದು.

ಈ ಕಾಯಿಲೆಗೆ ಹೆಸರು ಕೊಟ್ಟ ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್ 1912ರಲ್ಲೇ ಇಂಥ ರೋಗಿಯೊಬ್ಬರ ವಿವರ ಬರೆದಿದ್ದರು. 1932ರಲ್ಲಿ, ಪಿಟ್ಯುಟರಿಯ ಪುಟ್ಟ ಗಡ್ಡೆಗಳೇ ಇದಕ್ಕೆ ಕಾರಣ ಎಂದು ವಾದಿಸಿದರು. ಬದುಕಿರುವ ರೋಗಿಯಲ್ಲಿ ಆ ಗಡ್ಡೆಯನ್ನು ನೋಡುವ ದಾರಿಯೇ ಆಗ ಇರಲಿಲ್ಲ. ಈಗ ದಾರಿಗಳು ಬೇಕಾದಷ್ಟಿವೆ. ಆದರೆ ಯಾವುದನ್ನು ಮೊದಲು ಹಿಡಿಯಬೇಕು ಎನ್ನುವಲ್ಲೇ ಜನ ಎಡವುತ್ತಾರೆ.

ಇನ್ನೊಂದು ಕಡೆಯದನ್ನೂ ನೋಡಿ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೂರ್ತಿ ಆರೋಗ್ಯವಾಗಿದ್ದ 100 ಜನರಿಗೆ ಕಾಂಟ್ರಾಸ್ಟ್ ಕೊಟ್ಟು ಪಿಟ್ಯುಟರಿ ಎಂಆರ್‌ಐ ಮಾಡಿದ್ದರು. ಅವರಲ್ಲಿ 10 ಜನರಿಗೆ ಗಡ್ಡೆಯ ಹಾಗೆಯೇ ಕಾಣುವ ಚುಕ್ಕೆ ಇತ್ತು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಅಂದರೆ ಬೀದಿಯಲ್ಲಿ ಹೋಗುವ ಹತ್ತು ಜನರನ್ನು ಕರೆದು ಸ್ಕ್ಯಾನ್ ಮಾಡಿದರೆ ಒಬ್ಬರಲ್ಲಿ ಏನೋ ಒಂದು ಸಿಗುತ್ತದೆ. ಅದು ಹಾರ್ಮೋನ್ ಮಾಡದ ಸುಮ್ಮನೆ ಕೂತಿರುವ ಗಡ್ಡೆಯಾಗಿರಬಹುದು. ಹುಟ್ಟಿನಿಂದ ಉಳಿದುಕೊಂಡ ಪುಟ್ಟ ನೀರುಗುಳ್ಳೆ ಆಗಿರಬಹುದು. ಕೆಳಗಿನ ಸೈನಸ್‌ನ ಗಾಳಿ ಮತ್ತು ಮೂಳೆ ಸೇರಿ ಚಿತ್ರದಲ್ಲಿ ಮೂಡಿಸಿದ ಸುಳ್ಳು ನೆರಳೂ ಆಗಿರಬಹುದು. ನಿಮ್ಮ ತಂಗಿಯ ಎಡಗಡೆಯ 3 ಮಿ.ಮೀ. ಇವುಗಳಲ್ಲಿ ಒಂದಿರಬಹುದು, ನಿಜವಾದ ಕಳ್ಳನೂ ಇರಬಹುದು. ಫಿಲ್ಮ್ ಒಂದನ್ನೇ ಹಿಡಿದುಕೊಂಡು ಹೇಳಲು ಬರುವುದಿಲ್ಲ.

ಅದಕ್ಕೇ ನಾನು ಯಾವಾಗಲೂ ಹೇಳುವುದು: ಕಾಯಿಲೆ ಇದೆಯಾ ಎಂದು ರಕ್ತ, ಮೂತ್ರ, ಜೊಲ್ಲು ಹೇಳಬೇಕು. ಎಲ್ಲಿದೆ ಎಂದು ಸ್ಕ್ಯಾನ್ ಹೇಳಬೇಕು. ಮೊದಲ ಪ್ರಶ್ನೆಯನ್ನು ಸ್ಕ್ಯಾನ್‌ಗೆ ಕೇಳಿದರೆ ಅದು ಎರಡೂ ಕಡೆ ಸುಳ್ಳು ಹೇಳುತ್ತದೆ.

ಹಾಗಾಗಿ ಹೊಸ ಸ್ಕ್ಯಾನ್ ಬಗ್ಗೆ ಯೋಚಿಸುವ ಮೊದಲು ಫೈಲ್‌ನಲ್ಲಿ ಹಾರ್ಮೋನ್ ಲೆಕ್ಕ ಗಟ್ಟಿಯಾಗಿದೆಯಾ ನೋಡಿ. 24 ಗಂಟೆಯ ಮೂತ್ರದಲ್ಲಿ ಕಾರ್ಟಿಸೋಲ್, ರಾತ್ರಿ 11ರ ಸುಮಾರಿಗೆ ತೆಗೆದ ಜೊಲ್ಲಿನಲ್ಲಿ ಕಾರ್ಟಿಸೋಲ್, ರಾತ್ರಿ 1 ಮಿ.ಗ್ರಾಂ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿಸಿ ಬೆಳಿಗ್ಗೆ ತೆಗೆದ ರಕ್ತ. ಈ ಮೂರರಲ್ಲಿ ಎರಡಾದರೂ ಸ್ಪಷ್ಟವಾಗಿ ತಪ್ಪಿರಬೇಕು. ಮೊದಲೆರಡನ್ನು ಒಂದು ಸಲ ಮಾಡಿ ಬಿಡಬಾರದು, ಬೇರೆ ದಿನ ಇನ್ನೊಮ್ಮೆ ಮಾಡಿರಬೇಕು. ಡೆಕ್ಸಾಮೆಥಸೋನ್ ಪರೀಕ್ಷೆಯಲ್ಲಿ ಬೆಳಗಿನ ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗೆ ಇಳಿಯಬೇಕಿತ್ತು, ಇಳಿಯದಿದ್ದರೆ ಅನುಮಾನ ಬಲವಾಗುತ್ತದೆ. ಅವರು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದರಿಂದ ಈ ಪರೀಕ್ಷೆಯ ಅಂಕಿ ಸುಳ್ಳಾಗಿ ಏರುತ್ತದೆ. ಕಾರ್ಟಿಸೋಲ್ ಹೀಗೆ ಜಾಸ್ತಿ ಇದ್ದೂ ಎಸಿಟಿಎಚ್ ತಗ್ಗದೆ ಇದ್ದರೆ, ಕಾರಣ ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿಯದ್ದಲ್ಲ, ಎಸಿಟಿಎಚ್ ಮಾಡುವ ಗಡ್ಡೆಯದ್ದು. ಆ ಗಡ್ಡೆ ಹೆಚ್ಚಿನವರಲ್ಲಿ ಪಿಟ್ಯುಟರಿಯಲ್ಲೇ ಇರುತ್ತದೆ. ಕೆಲವರಲ್ಲಿ ಮಾತ್ರ ಶ್ವಾಸಕೋಶದಂಥ ಬೇರೆ ಜಾಗದಲ್ಲಿ ಅಡಗಿರುತ್ತದೆ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡಿ. ಚರ್ಮದ ಕ್ರೀಮ್, ಉಬ್ಬಸದ ಇನ್‌ಹೇಲರ್, ಮಂಡಿಗೆ ಹಾಕಿಸಿದ ಇಂಜೆಕ್ಷನ್, ಹೆಸರಿಲ್ಲದ ಪೊಟ್ಟಣದ ಪುಡಿ, ಇವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ದೇಹ ಥೇಟ್ ಹೀಗೇ ಬದಲಾಗುತ್ತದೆ. ಅಂಥವರಲ್ಲಿ ಎಸಿಟಿಎಚ್ ಕಡಿಮೆ ಇರುತ್ತದೆ. ನಿಮ್ಮ ತಂಗಿಗೆ ಅದು ಜಾಸ್ತಿ ಇರುವುದರಿಂದ ಈ ಸಾಧ್ಯತೆ ದೂರ. ಆದರೂ ಒಮ್ಮೆ ನೆನಪಿಸಿಕೊಂಡು ಡಾಕ್ಟರಿಗೆ ಹೇಳಿಬಿಡಿ.

ಈಗ ಎಂಆರ್‌ಐಗೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. 7 ಟೆಸ್ಲಾ ಎಲ್ಲಿದೆ ಎಂದು ಹುಡುಕುವ ಮುಂಚೆ, ಮೊದಲು ಮಾಡಿಸಿದ ಸ್ಕ್ಯಾನ್ ಸರಿಯಾಗಿ ಮಾಡಿದ್ದಾ ಅಂತ ನೋಡಿ. 'ನಾರ್ಮಲ್' ಎಂದು ಬಂದ ಎಷ್ಟೋ ರಿಪೋರ್ಟ್‌ಗಳಲ್ಲಿ ಕೊರತೆ ಇರುವುದು ಮೆಷಿನ್‌ನಲ್ಲಿ ಅಲ್ಲ, ಅದನ್ನು ಓಡಿಸಿದ ರೀತಿಯಲ್ಲಿ.

ಗಡ್ಡೆಯನ್ನು ಗುರುತಿಸುವುದು ಹೇಗೆ ಗೊತ್ತಾ? ಪಿಟ್ಯುಟರಿಗೆ ರಕ್ತ ಹರಿಯುವುದು ಜಾಸ್ತಿ. ಮೆದುಳಿನ ಉಳಿದ ಭಾಗಕ್ಕೆ ಇರುವ ಬಿಗಿ ಕಾವಲು ಇಲ್ಲಿನ ರಕ್ತನಾಳಗಳಿಗೆ ಇಲ್ಲ. ಹಾಗಾಗಿ ಕೈಯ ನಾಳಕ್ಕೆ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಹಾಕಿದ ತಕ್ಷಣ ಗ್ರಂಥಿ ಬೆಳ್ಳಗೆ ಹೊಳೆಯುತ್ತದೆ. ಗಡ್ಡೆ ಅದನ್ನು ಹೀರಿಕೊಳ್ಳುವುದು ಸ್ವಲ್ಪ ನಿಧಾನ. ಹೊಳೆಯುವ ಗ್ರಂಥಿಯ ನಡುವೆ ಅದು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಆದರೆ ಈ ವ್ಯತ್ಯಾಸ ತುಂಬಾ ಹೊತ್ತು ಇರುವುದಿಲ್ಲ. ಕೆಲವು ನಿಮಿಷ ಕಳೆದರೆ ಗಡ್ಡೆಯೂ ಬೆಳ್ಳಗಾಗಿ ಗ್ರಂಥಿಯ ಜೊತೆ ಸೇರಿಹೋಗುತ್ತದೆ. ಅದಕ್ಕೇ ಡೈನಾಮಿಕ್ ಎಂಆರ್‌ಐ ಎನ್ನುವುದು. ಕಾಂಟ್ರಾಸ್ಟ್ ಒಳಗೆ ಹೋಗುತ್ತಿದ್ದ ಹಾಗೇ 10–20 ಸೆಕೆಂಡಿಗೊಮ್ಮೆ ಅದೇ ಜಾಗದ ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಇಡೀ ಆಟ ಮೊದಲ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಕಾಂಟ್ರಾಸ್ಟ್ ಕೊಟ್ಟು, ರೋಗಿಯನ್ನು ಮತ್ತೆ ಒಳಗೆ ತಳ್ಳಿ, ನಿಧಾನವಾಗಿ ಶುರು ಮಾಡಿದರೆ ನೋಡಬೇಕಾದದ್ದು ಆಗಲೇ ಮುಗಿದಿರುತ್ತದೆ.

ಎರಡನೆಯದು ಸ್ಲೈಸ್‌ನ ದಪ್ಪ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಎಂಆರ್‌ಐ ಚಿತ್ರ ಎಂದರೆ ಗ್ರಂಥಿಯನ್ನು ಹೋಳು ಹೋಳಾಗಿ ನೋಡುವುದು. ಕಲ್ಲಂಗಡಿಯನ್ನು ದಪ್ಪ ಹೋಳು ಮಾಡಿದರೆ ಬೀಜ ತಿರುಳಿನೊಳಗೇ ಉಳಿದು ಕಣ್ಣಿಗೆ ಬೀಳುವುದಿಲ್ಲ ನೋಡಿ, ಇಲ್ಲೂ ಹಾಗೇ ಆಗುತ್ತದೆ. ಮಾಮೂಲಿ ವಿಧಾನದಲ್ಲಿ ಒಂದು ಸ್ಲೈಸ್ ಸುಮಾರು 3 ಮಿ.ಮೀ. ದಪ್ಪ. ಎರಡು ಸ್ಲೈಸ್ ನಡುವೆ ಒಂದಿಷ್ಟು ಖಾಲಿ ಜಾಗವನ್ನೂ ಬಿಡುತ್ತಾರೆ. 3 ಮಿ.ಮೀ. ಗಡ್ಡೆ ಎರಡು ಸ್ಲೈಸ್‌ಗಳಿಗೆ ಅರ್ಧರ್ಧ ಹಂಚಿಹೋದರೆ, ಎರಡರಲ್ಲೂ ಅದರ ಕಪ್ಪು ಬಣ್ಣ ಪಕ್ಕದ ಬಿಳಿಯ ಜೊತೆ ಬೆರೆತು ಬೂದಿ ಬಣ್ಣವಾಗುತ್ತದೆ. ನೋಡುವವರ ಕಣ್ಣು ಅದನ್ನು ದಾಟಿ ಮುಂದೆ ಹೋಗುತ್ತದೆ. ಇದಕ್ಕೆ ಪರಿಹಾರ, ಮಧ್ಯೆ ಖಾಲಿ ಬಿಡದೆ 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್ ತೆಗೆಯುವ ವಿಧಾನ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಪಿಜಿಆರ್. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ 2003ರಲ್ಲಿ ಎರಡೂ ವಿಧಾನವನ್ನು ಒಂದೇ ರೋಗಿಗಳಲ್ಲಿ ಹೋಲಿಸಿ ನೋಡಿತು. ಹಳೆಯ ವಿಧಾನ ಸುಮಾರು ಅರ್ಧದಷ್ಟು ಗಡ್ಡೆ ಹಿಡಿಯಿತು. ಎಸ್‌ಪಿಜಿಆರ್ ಶೇ. 80ರಷ್ಟು ಹಿಡಿಯಿತು. ಹೊಸ ಮೆಷಿನ್ ಏನೂ ಬೇಕಾಗಲಿಲ್ಲ. ಮೆಷಿನ್‌ಗೆ ಕೊಡುವ ಸೂಚನೆ ಬದಲಾಯಿತು, ಅಷ್ಟೇ. ಎಲ್ಲ ಕಡೆಯೂ ಇಷ್ಟೇ ಒಳ್ಳೆಯ ಫಲಿತಾಂಶ ಬರುತ್ತದೆ ಎನ್ನಲಾಗದು, ಆದರೆ ತೆಳು ಸ್ಲೈಸ್‌ನಿಂದ ಲಾಭವಿದೆ ಎನ್ನುವುದರಲ್ಲಿ ಈಗ ಹೆಚ್ಚು ಜಗಳವಿಲ್ಲ. ಒಂದು ಎಚ್ಚರಿಕೆ ಇದೆ. ಸ್ಲೈಸ್ ತೆಳುವಾದಷ್ಟೂ ಸುಳ್ಳು ಚುಕ್ಕೆಗಳೂ ಸ್ವಲ್ಪ ಜಾಸ್ತಿ ಕಾಣುತ್ತವೆ.

ನಿಮ್ಮ ಕೈಯಲ್ಲಿರುವ ರಿಪೋರ್ಟ್ ತೆಗೆದು ಮೇಲಿನ ಭಾಗ ಓದಿ. ಅನಿಸಿಕೆ ಬರೆದ ಕೊನೆಯ ಸಾಲಲ್ಲ, ಹೇಗೆ ಮಾಡಿದರು ಎಂದು ಬರೆದ ಮೊದಲ ಸಾಲುಗಳು. ಅಲ್ಲಿ 'ಬ್ರೇನ್ ಎಂಆರ್‌ಐ' ಎಂದಿದೆಯಾ, 'ಪಿಟ್ಯುಟರಿ ಪ್ರೋಟೋಕಾಲ್' ಎಂದಿದೆಯಾ? ಇಡೀ ಮೆದುಳಿನ ಸ್ಕ್ಯಾನ್‌ನಲ್ಲಿ ಪಿಟ್ಯುಟರಿ ಎರಡು ಮೂರು ಸ್ಲೈಸ್‌ಗಳಲ್ಲಿ ಬಂದು ಹೋಗುತ್ತದೆ. ಅದರ ಮೇಲೆ 'ನಾರ್ಮಲ್' ಎಂದು ಬರೆದರೆ ಅದಕ್ಕೆ ಬೆಲೆ ಇಲ್ಲ. ಕಾಂಟ್ರಾಸ್ಟ್ ಕೊಟ್ಟಿದ್ದಾರಾ, ಡೈನಾಮಿಕ್ ಮಾಡಿದ್ದಾರಾ, ಸ್ಲೈಸ್ ಎಷ್ಟು ಮಿ.ಮೀ., ಮೆಷಿನ್ 1.5 ಟೆಸ್ಲಾನಾ 3 ಟೆಸ್ಲಾನಾ ಎನ್ನುವುದನ್ನೂ ನೋಡಿ. ರಿಪೋರ್ಟ್‌ನಲ್ಲಿ ಇಲ್ಲದಿದ್ದರೆ ಸ್ಕ್ಯಾನ್ ಸೆಂಟರ್‌ನವರನ್ನೇ ಕೇಳಿ, ಹೇಳುತ್ತಾರೆ. ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಹೋಗುವಾಗ ಫಿಲ್ಮ್ ಸಾಲದು, ಸಿಡಿ ಒಯ್ಯಿರಿ. ಫಿಲ್ಮ್ ಮೇಲೆ ಪ್ರಿಂಟ್ ಆಗಿರುವುದು ಆಯ್ದ ಕೆಲವು ಚಿತ್ರಗಳು ಮಾತ್ರ. ಸಿಡಿಯಲ್ಲಿ ಎಲ್ಲ ಇರುತ್ತವೆ, ಕಂಪ್ಯೂಟರ್‌ನಲ್ಲಿ ಬೆಳಕು ಏರಿಸಿ ಇಳಿಸಿ ನೋಡಬಹುದು. 3 ಮಿ.ಮೀ. ಚುಕ್ಕೆ ಇದೆಯೋ ಇಲ್ಲವೋ ಎನ್ನುವ ಜಗಳ ಎಷ್ಟೋ ಸಲ ಅಲ್ಲೇ ತೀರುತ್ತದೆ.

ನೋಡುವ ರೇಡಿಯಾಲಜಿಸ್ಟ್‌ಗೆ ಏನು ಹುಡುಕಬೇಕು ಎಂದು ಗೊತ್ತಿರಬೇಕು. ಚೀಟಿಯಲ್ಲಿ 'ತಲೆನೋವು' ಎಂದಷ್ಟೇ ಬರೆದಿದ್ದರೆ ಅವರು ಮೆದುಳು ನೋಡುತ್ತಾರೆ. 'ಕುಶಿಂಗ್ ಖಚಿತ, ಎಸಿಟಿಎಚ್ ಜಾಸ್ತಿ, ಮೈಕ್ರೋಅಡಿನೋಮಾ ಹುಡುಕಿ' ಎಂದಿದ್ದರೆ ಪಿಟ್ಯುಟರಿಯ ಇಂಚಿಂಚೂ ನೋಡುತ್ತಾರೆ. ದಿನವೂ ಪಿಟ್ಯುಟರಿ ನೋಡುವ ನ್ಯೂರೋ ರೇಡಿಯಾಲಜಿಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಕ್ಯಾನ್ ಮತ್ತೆ ಮಾಡಿಸುವುದಾದರೆ ಮುಂಚೆ ಕಿಡ್ನಿಯ ಪರೀಕ್ಷೆ ಆಗಿರಲಿ. ಕಿಡ್ನಿ ತೀರಾ ಕೆಟ್ಟವರಿಗೆ ಗ್ಯಾಡೋಲಿನಿಯಂ ಯೋಚಿಸಿ ಕೊಡಬೇಕಾಗುತ್ತದೆ. ಗರ್ಭಿಣಿ ಆಗಿರುವ ಸಾಧ್ಯತೆ ಇದ್ದರೂ ಹೇಳಬೇಕು.

ಇನ್ನು ಟೆಸ್ಲಾ ಲೆಕ್ಕ. ಟೆಸ್ಲಾ ಎಂದರೆ ಅಯಸ್ಕಾಂತದ ಬಲ. ಬಲ ಜಾಸ್ತಿಯಾದರೆ ಸಿಗ್ನಲ್ ಜಾಸ್ತಿ. ಆಗ ಇನ್ನೂ ತೆಳು ಸ್ಲೈಸ್, ಇನ್ನೂ ಸ್ಪಷ್ಟ ಚಿತ್ರ ಸಾಧ್ಯ. 1.5ರಲ್ಲಿ ಮಾಡಿಸಿದ್ದರೆ 3 ಟೆಸ್ಲಾದಲ್ಲಿ ತೆಳು ಸ್ಲೈಸ್‌ನೊಂದಿಗೆ ಮತ್ತೆ ಮಾಡಿಸುವುದು ಖಂಡಿತ ಒಳ್ಳೆಯದು. ನಿಮ್ಮ ತಂಗಿಗೆ ಮೊದಲು ಇದೇ ಆಗಬೇಕು. 7 ಟೆಸ್ಲಾಗೆ ಅಮೆರಿಕದಲ್ಲಿ ರೋಗಿಗಳ ಮೇಲೆ ಬಳಸಲು ಒಪ್ಪಿಗೆ ಸಿಕ್ಕಿದ್ದೇ 2017ರಲ್ಲಿ. 3 ಟೆಸ್ಲಾದಲ್ಲಿ ಕಾಣದ ಕೆಲವು ಗಡ್ಡೆಗಳು ಅದರಲ್ಲಿ ಕಂಡಿವೆ, ನಿಜ. ಆದರೆ ಆ ಅಧ್ಯಯನಗಳೆಲ್ಲ ಸಣ್ಣವು. ಮೆಷಿನ್‌ಗಳು ಬೆರಳೆಣಿಕೆಯ ಜಾಗಗಳಲ್ಲಿವೆ. ಅಯಸ್ಕಾಂತದ ಬಲ ಏರಿದಂತೆ ಗಾಳಿ-ಮೂಳೆ ಸೇರುವ ಕಡೆ ಚಿತ್ರ ಸೊಟ್ಟಗಾಗುವುದೂ ಏರುತ್ತದೆ, ಪಿಟ್ಯುಟರಿ ಕೂತಿರುವುದು ಸರಿಯಾಗಿ ಅಂಥ ಜಾಗದ ಮೇಲೆ. ಕೆಲವರಿಗೆ ಒಳಗೆ ಹೋಗುವಾಗ ತಲೆ ಸುತ್ತುತ್ತದೆ. ದೇಹದೊಳಗೆ ಲೋಹದ ಯಾವುದಾದರೂ ಸಾಧನ ಇದ್ದರೆ 3ರಲ್ಲಿ ಬಿಟ್ಟರೂ 7ರಲ್ಲಿ ಬಿಡದೆ ಇರಬಹುದು. ಹತ್ತಿರದಲ್ಲೇ ಇದ್ದು, ಪಿಟ್ಯುಟರಿಗೆ ಬಳಸಿ ಅಭ್ಯಾಸ ಇರುವ ತಂಡ ಇದ್ದರೆ ಮಾಡಿಸಿ. ಅದಕ್ಕಾಗಿ ಆಪರೇಷನ್ ತಿಂಗಳುಗಟ್ಟಲೆ ಮುಂದೂಡಬೇಡಿ.

ಪೆಟ್ ಸ್ಕ್ಯಾನ್ ಬೇರೆಯೇ ದಾರಿ. ಎಂಆರ್‌ಐ ಆಕಾರ ನೋಡುತ್ತದೆ, ಪೆಟ್ ಕೆಲಸ ನೋಡುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ಬಳಸುವ ಸಕ್ಕರೆಯ ಪೆಟ್, ಅಂದರೆ ಎಫ್‌ಡಿಜಿ, ಇಲ್ಲಿ ಅರ್ಧಕ್ಕಿಂತ ಕಡಿಮೆ ಗಡ್ಡೆಗಳನ್ನಷ್ಟೇ ತೋರಿಸುತ್ತದೆ. ಗಡ್ಡೆ ಪುಟ್ಟದು, ಸಕ್ಕರೆಗೆ ಅಷ್ಟೇನೂ ಹಸಿದಿರುವುದಿಲ್ಲ. ಸ್ಕ್ಯಾನ್‌ಗೆ ಮುಂಚೆ, ಎಸಿಟಿಎಚ್ ಬಿಡು ಎಂದು ಪಿಟ್ಯುಟರಿಗೆ ಸೂಚನೆ ಕೊಡುವ ಸಿಆರ್‌ಎಚ್ ಹಾರ್ಮೋನ್ ಕೊಟ್ಟು ಗಡ್ಡೆಯನ್ನು ಕೆರಳಿಸಿ ನೋಡಿದಾಗ ಫಲಿತಾಂಶ ಸುಧಾರಿಸಿದೆ. ಇದಕ್ಕಿಂತ ಹೆಚ್ಚು ಭರವಸೆ ಮೂಡಿಸಿರುವುದು ಮೆಥಿಯೋನಿನ್ ಪೆಟ್. ಮೆಥಿಯೋನಿನ್ ಒಂದು ಅಮೈನೋ ಆಮ್ಲ. ಹಾರ್ಮೋನ್ ಎಂಬ ಪ್ರೋಟೀನನ್ನು ಹಗಲೂ ರಾತ್ರಿ ತಯಾರಿಸುವ ಗಡ್ಡೆ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನ ತಂಡ ಇದನ್ನು ತೆಳು ಸ್ಲೈಸ್ ಎಂಆರ್‌ಐ ಮೇಲೆ ಕೂರಿಸಿ ನೋಡುವ ಕ್ರಮವನ್ನು ಬೆಳೆಸಿದೆ. ಹಾಗೆ ಕೂರಿಸದಿದ್ದರೆ ಪೆಟ್ ಒಂದರಿಂದಲೇ ಸರ್ಜನ್‌ಗೆ ಪ್ರಯೋಜನ ಕಡಿಮೆ. ಪೆಟ್‌ನ ಚಿತ್ರ ಎಂಆರ್‌ಐಗೆ ಹೋಲಿಸಿದರೆ ಮಸುಕು. ಇನ್ನೊಂದು ತೊಡಕು ಸಮಯದ್ದು. ಇದರಲ್ಲಿರುವ ವಿಕಿರಣ ಸೂಸುವ ಕಾರ್ಬನ್-11ರ ಅರ್ಧಾಯುಷ್ಯ 20 ನಿಮಿಷ. ಅಂದರೆ ತಯಾರಿಸಿ 20 ನಿಮಿಷಕ್ಕೆ ಅರ್ಧ ಶಕ್ತಿ ಹೋಗಿರುತ್ತದೆ, 40 ನಿಮಿಷಕ್ಕೆ ಕಾಲು ಭಾಗ ಉಳಿದಿರುತ್ತದೆ. ಬೇರೆ ಊರಿನಿಂದ ತರಿಸುವ ಮಾತೇ ಇಲ್ಲ. ಅದನ್ನು ತಯಾರಿಸುವ ದೊಡ್ಡ ಯಂತ್ರ ಸೈಕ್ಲೋಟ್ರಾನ್ ಆಸ್ಪತ್ರೆಯ ಆವರಣದಲ್ಲೇ ಇರಬೇಕು.

ಚಂಡೀಗಢದ ಪಿಜಿಐ ಸಂಸ್ಥೆಯ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುಶಿಂಗ್ ಗಡ್ಡೆಯ ಜೀವಕೋಶಗಳ ಮೇಲೆ ಸಿಆರ್‌ಎಚ್ ಹಾರ್ಮೋನ್ ಬಂದು ಕೂರುವ ಜಾಗಗಳಿರುತ್ತವೆ. ಆ ಸಿಆರ್‌ಎಚ್‌ಗೇ ವಿಕಿರಣ ಸೂಸುವ ಗ್ಯಾಲಿಯಂ-68 ಕಟ್ಟಿ ಒಳಗೆ ಬಿಟ್ಟರೆ ಅದು ನೇರ ಗಡ್ಡೆಗೇ ಹೋಗಿ ಅಂಟಿಕೊಳ್ಳುತ್ತದೆ. ಪಿಟ್ಯುಟರಿ ಹೊಳೆದರೆ ಕಾಯಿಲೆ ಅಲ್ಲಿಯದು ಎನ್ನುವುದರ ಜೊತೆಗೆ, ಯಾವ ಪಕ್ಕದ್ದು ಎನ್ನುವ ಸುಳಿವೂ ಸಿಗುತ್ತದೆ. ಗ್ಯಾಲಿಯಂ-68ಕ್ಕೆ ಸೈಕ್ಲೋಟ್ರಾನ್ ಬೇಕೇ ಬೇಕು ಎಂದಿಲ್ಲ, ಚಿಕ್ಕ ಜನರೇಟರ್‌ನಿಂದ ತೆಗೆಯಬಹುದು. ಉಪಾಯ ನನಗೆ ತುಂಬಾ ಇಷ್ಟವಾಗಿದೆ. ಆದರೆ ಇನ್ನೂ ಎಲ್ಲ ಕಡೆ ಸಿಗುವಂಥದ್ದಲ್ಲ, ದೊಡ್ಡ ಸಂಖ್ಯೆಯ ರೋಗಿಗಳಲ್ಲಿ ಪರೀಕ್ಷೆಯಾಗಬೇಕಿದೆ. ಸಿಕ್ಕರೆ ಎಂಆರ್‌ಐ ಜೊತೆಗೆ ಇರಲಿ, ಅದರ ಬದಲಿಗೆ ಅಲ್ಲ.

ನೀವು ಹೆಚ್ಚು ಹೆದರಿರುವುದು ತೊಡೆಸಂದಿನ ನಳಿಕೆಗೆ ಅನಿಸುತ್ತದೆ. ನಿಮ್ಮ ತಂಗಿಗೆ ನಿಜವಾಗಿ ಬೇಕಾಗಬಹುದಾದದ್ದು ಅದೇ. ವೈದ್ಯರು ಇದನ್ನು ಐಪಿಎಸ್‌ಎಸ್ ಎನ್ನುತ್ತಾರೆ. ಹೆಸರು ಕೇಳಿದರೆ ಸ್ಕ್ಯಾನ್ ಅನಿಸುತ್ತದೆ, ಆದರೆ ಇದು ರಕ್ತ ಪರೀಕ್ಷೆ. ಪಿಟ್ಯುಟರಿಯ ರಕ್ತ ಎಡ, ಬಲ ಎರಡು ಪುಟ್ಟ ಕಾಲುವೆಗಳ ಮೂಲಕ ಕುತ್ತಿಗೆಯ ದೊಡ್ಡ ನಾಳಕ್ಕೆ ಇಳಿಯುತ್ತದೆ. ಎರಡೂ ತೊಡೆಸಂದಿನಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಾಳದೊಳಗೆ ತೆಳ್ಳನೆಯ ನಳಿಕೆಗಳನ್ನು ಬಿಟ್ಟು, ಎಕ್ಸ್‌ರೇ ನೋಡುತ್ತಾ ಆ ಕಾಲುವೆಗಳವರೆಗೆ ಒಯ್ಯುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕಿವಿಯ ಹತ್ತಿರ ಏನೋ ಒತ್ತಿದ ಹಾಗೆ ಅಥವಾ ತಲೆನೋವು ಬಂದ ಹಾಗೆ ಆಗಬಹುದು. ಆಮೇಲೆ ಎಡ ಕಾಲುವೆ, ಬಲ ಕಾಲುವೆ, ಕೈ ಅಥವಾ ಕಾಲಿನ ನಾಳ, ಈ ಮೂರೂ ಕಡೆಯಿಂದ ಒಂದೇ ಕ್ಷಣಕ್ಕೆ ರಕ್ತ ಎಳೆಯುತ್ತಾರೆ. ಸಿಆರ್‌ಎಚ್ ಅಥವಾ ಅದು ಸಿಗದ ಕಡೆ ಅದರ ಹಾಗೇ ಗಡ್ಡೆಯನ್ನು ಕೆರಳಿಸುವ ಡೆಸ್ಮೋಪ್ರೆಸಿನ್ ಕೊಟ್ಟು, 3, 5, 10 ನಿಮಿಷಕ್ಕೆ ಮತ್ತೆ ಎಳೆಯುತ್ತಾರೆ. ಎಸಿಟಿಎಚ್ ಬೇಗ ಹಾಳಾಗುವ ಹಾರ್ಮೋನ್, ಹಾಗಾಗಿ ಟ್ಯೂಬ್‌ಗಳನ್ನು ಕೂಡಲೇ ಐಸ್‌ನಲ್ಲಿ ಇಟ್ಟು ಲ್ಯಾಬ್‌ಗೆ ಓಡಬೇಕು.

ಲೆಕ್ಕ ಸರಳ. ಉದಾಹರಣೆಗೆ ಎಡಗಡೆ ಎಸಿಟಿಎಚ್ 420, ಬಲಗಡೆ 60, ಕೈಯಲ್ಲಿ 40 ಬಂತು ಅಂದುಕೊಳ್ಳಿ. 420ನ್ನು 40ರಿಂದ ಭಾಗಿಸಿದರೆ ಹತ್ತೂವರೆ. ಈ ಅನುಪಾತ ಔಷಧ ಕೊಡುವ ಮುಂಚೆ 2 ದಾಟಿದರೆ, ಇಲ್ಲವೇ ಕೊಟ್ಟ ಮೇಲೆ 3 ದಾಟಿದರೆ, ಎಸಿಟಿಎಚ್ ಬರುತ್ತಿರುವುದು ಪಿಟ್ಯುಟರಿಯಿಂದಲೇ. ದಾಟದಿದ್ದರೆ ಎದೆ, ಹೊಟ್ಟೆಯ ಕಡೆ ಹುಡುಕಬೇಕು. 1991ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ಎಡ್ವರ್ಡ್ ಓಲ್ಡ್‌ಫೀಲ್ಡ್ ಮತ್ತು ಸಂಗಡಿಗರು 281 ರೋಗಿಗಳಲ್ಲಿ ಇದನ್ನು ಮಾಡಿ ಪ್ರಕಟಿಸಿದರು. ಈಗಲೂ ಈ ಪ್ರಶ್ನೆಗೆ ಇದೇ ಕೊನೆಯ ಮಾತು. ಅಪರೂಪಕ್ಕೆ ಇದೂ ತಪ್ಪುತ್ತದೆ. ನಳಿಕೆ ಸರಿಯಾದ ಜಾಗ ತಲುಪದೆ ಇದ್ದರೆ ಅಥವಾ ಒಂದು ಕಡೆಯ ಕಾಲುವೆ ಹುಟ್ಟಿನಿಂದಲೇ ಸಣ್ಣದಾಗಿದ್ದರೆ ಹಾಗಾಗುತ್ತದೆ.

ಎಡ ಬಲ ಹೋಲಿಸಿದರೆ ಗಡ್ಡೆ ಯಾವ ಕಡೆ ಎಂದೂ ಗೊತ್ತಾಗುತ್ತಲ್ವಾ? ಅಷ್ಟು ಸಲೀಸಲ್ಲ. ಒಂದು ಕಡೆ ಇನ್ನೊಂದಕ್ಕಿಂತ 1.4 ಪಟ್ಟು ಜಾಸ್ತಿ ಇದ್ದರೆ ಗಡ್ಡೆ ಆ ಕಡೆ ಎನ್ನುತ್ತಾರೆ. ಆದರೆ ಅದು ಸರಿಯಾಗುವುದು ಮೂರರಲ್ಲಿ ಎರಡು ಸಲ, ಕೆಲವೆಡೆ ಅದಕ್ಕಿಂತಲೂ ಕಡಿಮೆ. ಎರಡು ಕಾಲುವೆಗಳ ನಡುವೆ ಅಡ್ಡ ಸಂಪರ್ಕ ಇರುತ್ತದೆ, ಎಡಗಡೆಯ ರಕ್ತ ಬಲಕ್ಕೂ ಹರಿಯುತ್ತದೆ. ಹಾಗಾಗಿ ಪಿಟ್ಯುಟರಿಯಾ ಅಲ್ಲವಾ ಎನ್ನುವುದಕ್ಕೆ ಇದನ್ನು ನಂಬಬಹುದು. ಎಡವಾ ಬಲವಾ ಎನ್ನುವುದಕ್ಕೆ ಸುಳಿವು ಎಂದಷ್ಟೇ ಇಟ್ಟುಕೊಳ್ಳಿ. ಎಂಆರ್‌ಐ ಎಡ ಎಂದು, ಇದು ಬಲ ಎಂದರೆ, ನಾನಂತೂ ಒಳ್ಳೆಯ ಎಂಆರ್‌ಐನಲ್ಲಿ ಸ್ಪಷ್ಟವಾಗಿ ಕಂಡ ಗಡ್ಡೆಗೇ ಹೆಚ್ಚು ತೂಕ ಕೊಡುತ್ತೇನೆ.

ಅಪಾಯ? ತೊಡೆಸಂದಿನಲ್ಲಿ ರಕ್ತ ಹೆಪ್ಪುಗಟ್ಟಿ ಊದುವುದು, ತಲೆನೋವು, ಇಷ್ಟು ಸಾಮಾನ್ಯ. ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆ ತುಂಬಾ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಅದಕ್ಕೇ ಇದನ್ನು ಮಾಡಿ ಅಭ್ಯಾಸವಿರುವ ಕಡೆಯೇ ಮಾಡಿಸಬೇಕು. ಇನ್ನೊಂದು ಮಾತು ಬಹಳ ಮುಖ್ಯ. ಪರೀಕ್ಷೆಯ ದಿನಗಳಲ್ಲಿ ಕಾರ್ಟಿಸೋಲ್ ಏರಿರಲೇಬೇಕು. ಕಾರ್ಟಿಸೋಲ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಕಾಯಿಲೆ ಆಗಾಗ ಏರಿ ಇಳಿಯುವ ಬಗೆಯದಾಗಿದ್ದರೆ, ಕಾರ್ಟಿಸೋಲ್ ಏರಿದಾಗ ಸುಮ್ಮನಾಗಿರುವ ಆರೋಗ್ಯವಂತ ಪಿಟ್ಯುಟರಿ ಕೋಶಗಳೂ ಎದ್ದು ಕೆಲಸ ಶುರು ಮಾಡಿರುತ್ತವೆ. ಆಗ ಉತ್ತರ ದಾರಿ ತಪ್ಪಿಸುತ್ತದೆ.

ಯಾರಿಗೆ ಇದು ಬೇಕು ಎನ್ನುವುದಕ್ಕೆ 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸೇರಿ ಒಂದು ಒಮ್ಮತಕ್ಕೆ ಬಂದಿದ್ದಾರೆ. ಎಂಆರ್‌ಐನಲ್ಲಿ 10 ಮಿ.ಮೀ. ಅಥವಾ ದೊಡ್ಡ ಗಡ್ಡೆ ಇದ್ದರೆ ಬೇಡ. ಏನೂ ಕಾಣದಿದ್ದರೆ ಅಥವಾ 6 ಮಿ.ಮೀ.ಗಿಂತ ಚಿಕ್ಕದಿದ್ದರೆ ಬೇಕು. 6ರಿಂದ 9ರ ನಡುವೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ. ನಿಮ್ಮ ತಂಗಿಯ 3 ಮಿ.ಮೀ. ನಿಜವೇ ಆಗಿದ್ದರೂ ಈ ಪರೀಕ್ಷೆ ಬೇಕಾದವರ ಸಾಲಿನಲ್ಲೇ ಬರುತ್ತಾರೆ. ಹಾಗಾಗಿ ನನ್ನ ಸಲಹೆ ಹೀಗೆ: ಹಾರ್ಮೋನ್ ಲೆಕ್ಕ ಗಟ್ಟಿ ಮಾಡಿಕೊಂಡು, 3 ಟೆಸ್ಲಾದಲ್ಲಿ ಡೈನಾಮಿಕ್ ಮತ್ತು 1 ಮಿ.ಮೀ. ಸ್ಲೈಸ್ ಎರಡೂ ಸೇರಿದ ಪಿಟ್ಯುಟರಿ ಎಂಆರ್‌ಐ ಮಾಡಿಸಿ. 6 ಮಿ.ಮೀ.ಗಿಂತ ದೊಡ್ಡದು ಸ್ಪಷ್ಟವಾಗಿ ಕಂಡರೆ ನೇರ ಸರ್ಜನ್ ಜೊತೆ ಮಾತಾಡಿ. ಇಲ್ಲದಿದ್ದರೆ ಐಪಿಎಸ್‌ಎಸ್. ಅದು ಪಿಟ್ಯುಟರಿ ಎಂದು ಹೇಳಿಯೂ ಗಡ್ಡೆ ಕಾಣದೇ ಉಳಿದರೆ, ಆಗ ಮೆಥಿಯೋನಿನ್ ಪೆಟ್, ಸಿಆರ್‌ಎಚ್ ಪೆಟ್, 7 ಟೆಸ್ಲಾ ಇವುಗಳಲ್ಲಿ ಕೈಗೆಟಕುವುದು ಯಾವುದಿದೆ ಎಂದು ನೋಡಬಹುದು. ಯಾವುದೂ ಸಿಗದಿದ್ದರೆ ಆಪರೇಷನ್ ನಿಲ್ಲಬೇಕಾಗಿಲ್ಲ.

ಕಾಣದ್ದನ್ನು ತೆಗೆಯುವುದು ಹೇಗೆ ಎಂದು ಕೇಳಿದ್ದೀರಿ. ಸರ್ಜನ್ ಮೂಗಿನ ಮೂಲಕ ಹೋಗಿ, ಸೈನಸ್ ದಾಟಿ, ಗ್ರಂಥಿ ಕೂತಿರುವ ಗುಳಿಯ ತೆಳು ಮೂಳೆ ತೆಗೆಯುತ್ತಾರೆ. ಮೊದಲು ಗ್ರಂಥಿಯ ಮೇಲ್ಮೈಯನ್ನು ಅಗಲಕ್ಕೂ ನೋಡುತ್ತಾರೆ. ಆರೋಗ್ಯವಾಗಿರುವ ಗ್ರಂಥಿ ತುಸು ಗಟ್ಟಿ, ಹಳದಿ ಕಿತ್ತಳೆ ಬಣ್ಣ. ಗಡ್ಡೆ ಸಾಮಾನ್ಯವಾಗಿ ಮೆತ್ತಗೆ, ಬೂದು ಬಿಳುಪು. ಹೊರಗೆ ಕಾಣದಿದ್ದರೆ ಸಣ್ಣ ಸೀಳು ಹಾಕಿ ಒಳಗೆ ಹುಡುಕುತ್ತಾರೆ. ಅನುಭವಿಗಳ ಕೈಯಲ್ಲಿ ಎಂಆರ್‌ಐ ಹಿಡಿಯದ ಎಷ್ಟೋ ಗಡ್ಡೆಗಳು ಹೀಗೇ ಸಿಗುತ್ತವೆ. ಸಿಗದೇ ಇದ್ದಾಗ ಅನುಮಾನವಿರುವ ಬದಿಯ ಗ್ರಂಥಿಯ ಭಾಗ ತೆಗೆಯಬೇಕೋ ಬೇಡವೋ ಎನ್ನುವ ತೀರ್ಮಾನ ಬರುತ್ತದೆ. ಅದನ್ನು ಮುಂಚೆಯೇ ಕೂತು ಮಾತಾಡಿ, ವಿಶೇಷವಾಗಿ ಅವರಿಗೆ ಮುಂದೆ ಮಕ್ಕಳು ಬೇಕೆನ್ನುವ ಆಸೆ ಇದ್ದರೆ. ಜಾಸ್ತಿ ತೆಗೆದಷ್ಟೂ ಉಳಿದ ಹಾರ್ಮೋನ್‌ಗಳು ಕಡಿಮೆಯಾಗುವ ಅಪಾಯ ಏರುತ್ತದೆ. ಗಡ್ಡೆ ಮುಂಚೆ ಕಂಡಿದ್ದವರಿಗಿಂತ ಕಾಣದವರಲ್ಲಿ ಯಶಸ್ಸು ಸ್ವಲ್ಪ ಕಡಿಮೆ, ಇದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ನನ್ನ ಮಟ್ಟಿಗೆ ಇನ್ನೊಂದು ದುಬಾರಿ ಸ್ಕ್ಯಾನ್‌ಗಿಂತ ಸರ್ಜನ್ ಆಯ್ಕೆ ದೊಡ್ಡದು. ಇಂಥ ಕೇಸುಗಳನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಧೈರ್ಯವಾಗಿ ಕೇಳಿ. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ಆಪರೇಷನ್ ಆದ ಮೇಲೆ ಬಯಾಪ್ಸಿಯಲ್ಲಿ ಗಡ್ಡೆ ಸಿಗಲಿಲ್ಲ ಎಂದು ಬಂದರೂ ಕಂಗಾಲಾಗಬೇಡಿ. ಅಷ್ಟು ಚಿಕ್ಕ ತುಣುಕು ಸಕ್ಷನ್‌ನಲ್ಲೇ ಹೋಗಿರಬಹುದು. ಮೊದಲ ಕೆಲವು ದಿನಗಳಲ್ಲಿ ಬೆಳಗಿನ ಕಾರ್ಟಿಸೋಲ್ ತೀರಾ ಕೆಳಗೆ ಬಿದ್ದರೆ ಅದೇ ಒಳ್ಳೆಯ ಸುದ್ದಿ. ಆಗ ಕೆಲವು ತಿಂಗಳು, ಕೆಲವರಿಗೆ ವರ್ಷಕ್ಕೂ ಮೇಲೆ, ಹೈಡ್ರೋಕಾರ್ಟಿಸೋನ್ ಮಾತ್ರೆ ಬೇಕಾಗುತ್ತದೆ.

ಇದೆಲ್ಲ ಕುಶಿಂಗ್ ಗಡ್ಡೆಗೆ ಹೇಳಿದ್ದು. ಓದುವ ಬೇರೆಯವರಲ್ಲಿ ಪ್ರೊಲ್ಯಾಕ್ಟಿನ್ ಗಡ್ಡೆ ಇರುವವರು ಇದನ್ನು ತಮಗೆ ಅನ್ವಯಿಸಿಕೊಳ್ಳಬೇಡಿ. ಹೆಚ್ಚಿನವರಿಗೆ ಕ್ಯಾಬರ್ಗೋಲಿನ್ ಮಾತ್ರೆಯೇ ಸಾಕಾಗುತ್ತದೆ, ಚಾಕು ಹಿಡಿಯುವ ಪ್ರಮೇಯ ಕಡಿಮೆ.

ಕೊನೆಗೆ, ಕಾಯುವ ವಿಷಯ. ಗಡ್ಡೆ ದೊಡ್ಡದಾಗಲಿ ಎಂದು ಸುಮ್ನೆ ಕೂರಬೇಡಿ. ಈ ಗಡ್ಡೆಗಳು ವರ್ಷಗಟ್ಟಲೆ ಅಷ್ಟೇ ಗಾತ್ರದಲ್ಲಿ ಇರಬಲ್ಲವು. ಅಷ್ಟು ಹೊತ್ತಿಗೆ ಏರಿದ ಕಾರ್ಟಿಸೋಲ್ ಮೂಳೆ ಸವೆಸುತ್ತದೆ, ಸೋಂಕು ತರುತ್ತದೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸುತ್ತದೆ. ಒಂದು ಕಾಲು ಮಾತ್ರ ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಪರೀಕ್ಷೆಗಳೆಲ್ಲ ಮುಗಿದೂ ಗಡ್ಡೆ ಸಿಗದೆ, ಸರ್ಜನ್ ಕೂಡ ಈಗ ಬೇಡ ಎಂದರೆ, ಮೆಟಿರಪೋನ್, ಕೀಟೋಕೊನಜೋಲ್, ಓಸಿಲೋಡ್ರೊಸ್ಟಾಟ್‌ನಂಥ ಮಾತ್ರೆಗಳಿಂದ ಕಾರ್ಟಿಸೋಲನ್ನು ಹತೋಟಿಯಲ್ಲಿಟ್ಟು ಆಮೇಲೆ ಮತ್ತೆ ಸ್ಕ್ಯಾನ್ ಮಾಡಬಹುದು. ಈ ಮಾತ್ರೆ ಶುರು ಮಾಡುವ ಮುಂಚೆ ಐಪಿಎಸ್‌ಎಸ್ ಮುಗಿದಿದೆಯಾ ಎಂದು ಮಾತ್ರ ಡಾಕ್ಟರನ್ನು ತಪ್ಪದೇ ಕೇಳಿ.